ಟಿವಿ ಪ್ರೊಡ್ಯೂಸರ್‌ಗೆ ಸರ್ಕಾರದ ಸಪೋರ್ಟ್: ಸಬ್ಸಿಡಿ ಕೇಳೋಕೆ ಮುಂಚೆ ಹಕ್ಕು ಯಾರದ್ದು ಅಂತ ಕೇಳಿ

ಪ್ರಶ್ನೆ: ಸರ್, ನಮ್ದು ಧಾರವಾಡದಾಗ ಐದಾರು ಮಂದಿ ಇರೋ ಒಂದು ಸಣ್ಣ ಪ್ರೊಡಕ್ಷನ್ ಯೂನಿಟ್ ಐತಿ. ಕಾಲೇಜು ಪ್ರೋಮೋ, ಇಲಾಖೆ ಡಾಕ್ಯುಮೆಂಟರಿ ಹಿಂಗ ಮಾಡ್ಕೋತ ಬಂದೀವಿ. ಈಗ ಶ್ರೀಕೃಷ್ಣ ಪಾರಿಜಾತ, ಸಣ್ಣಾಟ, ದೊಡ್ಡಾಟದ ಕಲಾವಿದರ ಮ್ಯಾಲೆ 13 ಎಪಿಸೋಡಿನ ಸೀರೀಸ್ ಮಾಡಬೇಕಂತ ಆಸೆ ಐತಿ. ಬೆಂಗಳೂರಿನ ಚಾನೆಲ್‌ನವ್ರು ಇದಕ್ಕ ರೇಟಿಂಗ್ ಬರಂಗಿಲ್ಲ ಅಂದ್ರು. ಸಿನಿಮಾಕ್ಕ ಸರ್ಕಾರ ಸಬ್ಸಿಡಿ ಕೊಡತೈತಿ, ಟಿವಿ ಮಾಡೋರಿಗೆ ಯಾಕ ಏನೂ ಇಲ್ರಿ? ಬ್ಯಾರೆ ದೇಶದಾಗ ಹೆಂಗ ಮಾಡ್ತಾರ? ನಮ್ಮಂಥವ್ರು ಎಲ್ಲಿ ಅರ್ಜಿ ಹಾಕಬೇಕು?

ಉತ್ತರ: ನೇರವಾಗಿ ಹೇಳ್ಬಿಡ್ತೀನಿ, ಸಿನಿಮಾಗೆ ಸಿಗೋ 10 ಲಕ್ಷದ ಸಹಾಯಧನದ ತರ, ಕಿರುತೆರೆ ಪ್ರೊಡ್ಯೂಸರ್ ಅರ್ಜಿ ಹಾಕಿ ತಗೊಳ್ಳೋ ದುಡ್ಡು ನಮ್ಮ ರಾಜ್ಯದಲ್ಲಿಲ್ಲ. ಆ ಸಬ್ಸಿಡಿ ಇರೋದು ಸೆನ್ಸಾರ್ ಸರ್ಟಿಫಿಕೇಟ್ ತಗೊಂಡ ಸಿನಿಮಾಗಳಿಗೆ, 13 ಎಪಿಸೋಡಿನ ಸೀರೀಸ್ ಆ ಲೆಕ್ಕಕ್ಕೇ ಬರಲ್ಲ. ಆದ್ರೆ ನಿಮ್ಮ ಪ್ರಶ್ನೆ ಓದಿದಾಗ ನಂಗನ್ಸಿದ್ದು, ನೀವು ಹುಡುಕ್ತಿರೋದು ಸಬ್ಸಿಡಿನ, ನಿಮಗೆ ಬೇಕಾಗಿರೋದು ಅದಲ್ಲ. ಒಂದ್ಸಲ 10 ಲಕ್ಷ ಸಿಕ್ಕಿದ್ರೆ ಒಂದು ಸೀರೀಸ್ ಆಗತ್ತೆ, ಮುಂದಿನ ವರ್ಷ ಮತ್ತೆ ಅದೇ ಆಫೀಸ್ ಮುಂದೆ ನಿಂತಿರ್ತೀರಿ. ಯೂನಿಟ್ ಬದುಕಿ ಉಳಿಯೋದು ಒಂದು ಚಾನೆಲ್ ಹೊರಗಿನವರಿಂದ ಕೊಂಡುಕೊಳ್ಳಲೇಬೇಕು ಅನ್ನೋ ನಿಯಮ ಇದ್ದಾಗ, ಮತ್ತೆ ಮಾಡಿದ ಕಾರ್ಯಕ್ರಮದ ಹಕ್ಕು ಮಾಡಿದವರ ಹತ್ರನೇ ಉಳಿದಾಗ. ಜಗತ್ತಿನಲ್ಲಿ ಎಲ್ಲೆಲ್ಲಿ ಪ್ರಾದೇಶಿಕ ಪ್ರೊಡ್ಯೂಸರ್‌ಗಳು ಗಟ್ಟಿಯಾಗಿ ನಿಂತಿದ್ದಾರೋ ಅಲ್ಲೆಲ್ಲ ಈ ಎರಡು ಇದ್ದೇ ಇದೆ, ನಮ್ಮಲ್ಲಿ ಎರಡೂ ಇಲ್ಲ.

ಬೇರೆ ದೇಶದ್ದು ಕೇಳಿದ್ರಲ್ಲ, ಬ್ರಿಟನ್ನಿನ ಭಾಗವಾಗಿರೋ ವೇಲ್ಸ್‌ದು ಹೇಳ್ತೀನಿ, ಯಾಕಂದ್ರೆ ನಮಗೆ ಹೋಲಿಸ್ಕೊಳ್ಳೋಕೆ ಅದಕ್ಕಿಂತ ಒಳ್ಳೆ ಕೇಸ್ ಇಲ್ಲ. ವೆಲ್ಷ್ ಮಾತಾಡೋರು 2021ರ ಜನಗಣತಿ ಪ್ರಕಾರ ಸುಮಾರು 5.38 ಲಕ್ಷ ಜನ ಅಷ್ಟೇ, ನಮ್ಮ ತುಳು ಮಾತಾಡೋರು 2011ರಲ್ಲೇ 18 ಲಕ್ಷ ದಾಟಿದ್ರು, ಅಂದ್ರೆ ತುಳುವಿನ ಮೂರರಲ್ಲಿ ಒಂದು ಭಾಗದಷ್ಟೂ ಇಲ್ಲದ ಭಾಷೆ ಅದು, ಆದ್ರೂ ಅವರಿಗೆ ಪೂರ್ತಿ ಪ್ರಮಾಣದ ಒಂದು ಸಾರ್ವಜನಿಕ ಟಿವಿ ಚಾನೆಲ್ ಇದೆ, ಹೆಸರು ಎಸ್‌4ಸಿ. ಅದು ಸುಮ್ನೆ ಬಂದಿದ್ದಲ್ಲ. 1979ರ ಚುನಾವಣೆಗೆ ಮುಂಚೆ ವೆಲ್ಷ್ ಚಾನೆಲ್ ಕೊಡ್ತೀವಿ ಅಂದಿದ್ದ ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಬಂದ್ಮೇಲೆ ಕೈ ಎತ್ತಿಬಿಡ್ತು. ಅಲ್ಲಿ ಮನೇಲಿ ಟಿವಿ ಇಟ್ಕೊಂಡೋರು ವರ್ಷಾವರ್ಷ ಕಟ್ಟೋ ಲೈಸೆನ್ಸ್ ಫೀನ ಜನ ಕಟ್ಟಲ್ಲ ಅಂತ ಕೂತ್ರು, ವೇಲ್ಸ್‌ನ ರಾಷ್ಟ್ರವಾದಿ ಪಕ್ಷ ಪ್ಲೈಡ್ ಕಮ್ರಿಯ ಗ್ವಿನ್‌ಫೋರ್ ಎವಾನ್ಸ್ 1980ರ ಅಕ್ಟೋಬರ್ 6ರಿಂದ ಆಮರಣ ಉಪವಾಸ ಕೂರ್ತೀನಿ ಅಂತ ಘೋಷಣೆ ಮಾಡಿದ್ರು, ಆ ದಿನ ಬರೋಕೆ ಮುಂಚೆ ಸೆಪ್ಟೆಂಬರ್ 17ಕ್ಕೆ ಥ್ಯಾಚರ್ ಸರ್ಕಾರ ಮಣೀತು. ಚಾನೆಲ್ ಶುರುವಾಗಿದ್ದು 1982ರ ನವೆಂಬರ್ 1ಕ್ಕೆ.

ನಿಮಗೆ ಸಂಬಂಧಪಟ್ಟ ವಿಷಯ ಇಲ್ಲಿಂದ ಮುಂದೆ ಇರೋದು. ಎಸ್‌4ಸಿ ಕಾರ್ಯಕ್ರಮಗಳನ್ನ ತಾನೇ ಕೂತು ಮಾಡಲ್ಲ. ಕಾನೂನಿನ ಪ್ರಕಾರ ಬಿಬಿಸಿ ವಾರಕ್ಕೆ ಕನಿಷ್ಠ 10 ಗಂಟೆ ಕಾರ್ಯಕ್ರಮ ಅದಕ್ಕೆ ಮಾಡ್ಕೊಡ್ಬೇಕು, ಉಳಿದ ಬಹುಪಾಲು ಬರೋದು ಹೊರಗಿನ ಸ್ವತಂತ್ರ ಕಂಪನಿಗಳಿಂದ. ಅದರ ಪರಿಣಾಮ ಏನಾಯ್ತು ಅಂದ್ರೆ ರಾಜಧಾನಿ ಕಾರ್ಡಿಫ್ ಬಿಟ್ಟು ದೂರದಲ್ಲಿರೋ ಕಾಯರ್ನಾರ್ವನ್ ಅನ್ನೋ ಪುಟ್ಟ ಊರಲ್ಲೂ ಟಿವಿ ಕಂಪನಿಗಳು ಹುಟ್ಕೊಂಡ್ವು, ಅಲ್ಲಿನ ಹುಡುಗ್ರು ಕ್ಯಾಮೆರಾ, ಎಡಿಟಿಂಗ್, ಸೌಂಡ್ ಕೆಲಸಕ್ಕೆ ಲಂಡನ್‌ಗೆ ಹೋಗೋದು ತಪ್ತು. ಮುಂದೆ 1990ರ ಬ್ರಿಟಿಷ್ ಪ್ರಸಾರ ಕಾಯ್ದೆ ದೊಡ್ಡ ಚಾನೆಲ್‌ಗಳಿಗೂ ಹೊಸ ಕಾರ್ಯಕ್ರಮಗಳಲ್ಲಿ 25% ಹೊರಗಿನ ಸ್ವತಂತ್ರ ನಿರ್ಮಾಪಕರಿಂದಲೇ ಬರಬೇಕು ಅಂತ ಕಡ್ಡಾಯ ಮಾಡ್ತು. ಇನ್ನೂ ದೊಡ್ಡ ಹೆಜ್ಜೆ 2003ರ ಕಮ್ಯುನಿಕೇಷನ್ಸ್ ಕಾಯ್ದೆ. ಅದರಡಿ ಬಂದ ನಿಯಮಗಳ ಪ್ರಕಾರ ಚಾನೆಲ್ ದುಡ್ಡು ಕೊಟ್ಟು ಮಾಡಿಸಿದ್ರೂ ಅದು ಖರೀದಿ ಮಾಡೋದು ಇಷ್ಟು ವರ್ಷ ಪ್ರಸಾರ ಮಾಡೋ ಲೈಸೆನ್ಸನ್ನ, ಮೂಲ ಹಕ್ಕು ಪ್ರೊಡ್ಯೂಸರ್ ಹತ್ರ ಉಳಿಯತ್ತೆ, ಅವನು ಅದನ್ನ ಬೇರೆ ದೇಶಕ್ಕೆ ಮಾರಬಹುದು, ಫಾರ್ಮ್ಯಾಟ್, ಅಂದ್ರೆ ಕಾರ್ಯಕ್ರಮದ ಚೌಕಟ್ಟನ್ನ ಬೇರೆಯವರು ತಮ್ಮಲ್ಲಿ ಮಾಡ್ಕೊಳ್ಳೋಕೆ ಮಾರಬಹುದು. ಸರ್ಕಾರದ ಒಂದು ಪೈಸೆ ಹೆಚ್ಚು ಖರ್ಚಿಲ್ಲದೆ ಸಣ್ಣ ಕಂಪನಿಗಳ ಕೈಗೆ ಆಸ್ತಿ ಬಂತು, ಬ್ಯಾಂಕ್‌ಗೆ ಹೋಗಿ ಇದು ನಮ್ಮ ಹತ್ರ ಇರೋ ಕ್ಯಾಟಲಾಗ್ ಅಂತ ತೋರ್ಸೋ ಹಾಗಾಯ್ತು.

ಒಂದು ಉದಾಹರಣೆ ಹತ್ತಿರದಿಂದ ನೋಡಿ. ಹಿಂಟರ್‌ಲ್ಯಾಂಡ್ ಅನ್ನೋ ಪೊಲೀಸ್ ಸೀರಿಯಲ್ 2013ರಲ್ಲಿ ಎಸ್‌4ಸಿಯಲ್ಲಿ ಬಂತು, ಆಬರಿಸ್ಟ್‌ವಿತ್ ಅನ್ನೋ ಕಡಲತೀರದ ಊರಿನ ಸುತ್ತ ಶೂಟ್ ಆಗಿದ್ದು. ಅದರಲ್ಲಿ ಪ್ರತಿ ಸೀನನ್ನೂ ಎರಡು ಸಲ ಶೂಟ್ ಮಾಡ್ತಿದ್ರು, ಒಂದ್ಸಲ ವೆಲ್ಷ್‌ನಲ್ಲಿ, ಅದೇ ಲೈಟಿಂಗಲ್ಲಿ ಅದೇ ನಟರು ಇನ್ನೊಂದ್ಸಲ ಇಂಗ್ಲಿಷ್‌ನಲ್ಲಿ. ವೆಲ್ಷ್ ಆವೃತ್ತಿ ತಮ್ಮ ಚಾನೆಲ್‌ಗೆ, ಇಂಗ್ಲಿಷ್ ಆವೃತ್ತಿ ಬಿಬಿಸಿ ವೇಲ್ಸ್‌ಗೆ ಮತ್ತೆ ಹೊರದೇಶಕ್ಕೆ, ಡೆನ್ಮಾರ್ಕಿನ ಸಾರ್ವಜನಿಕ ಚಾನೆಲ್ ಕೂಡ ತಗೊಂಡ್ತು. ಮಂಗಳೂರಲ್ಲಿ ಯಾರಾದ್ರೂ ತುಳು ಮತ್ತೆ ಕನ್ನಡದಲ್ಲಿ ಹೀಗೆ ಮಾಡ್ಬಹುದಲ್ವಾ? ಪ್ರತಿಭೆ ಖಂಡಿತ ಇದೆ, ಎರಡನೇ ಆವೃತ್ತಿಯ ಹಕ್ಕು ಅವರ ಕೈಲಿ ಉಳಿಯೋ ವ್ಯವಸ್ಥೆ ಇಲ್ಲ ಅಷ್ಟೇ.

ಅಲ್ಲೂ ಎಲ್ಲ ಸುಗಮ ಅಂತಲ್ಲ. 2010ರಲ್ಲಿ ಬ್ರಿಟನ್ ಸರ್ಕಾರ ಎಸ್‌4ಸಿ ಅನುದಾನಕ್ಕೆ ದೊಡ್ಡ ಕತ್ತರಿ ಹಾಕ್ತು, ಆಮೇಲೆ ಹಂತಹಂತವಾಗಿ ಪೂರ್ತಿ ದುಡ್ಡನ್ನ ಲೈಸೆನ್ಸ್ ಫೀಗೆ ವರ್ಗಾಯಿಸ್ತು. 2022ರಿಂದ ವರ್ಷಕ್ಕೆ 8.88 ಕೋಟಿ ಪೌಂಡ್ ಆಸುಪಾಸು ಆ ಫೀಯಿಂದಲೇ ಬರತ್ತೆ ಅಂತ ತೀರ್ಮಾನ ಆಯ್ತು, ನಮ್ಮ ದುಡ್ಡಲ್ಲಿ 900 ಕೋಟಿಗೂ ಮೇಲೆ. ಇಷ್ಟು ದುಡ್ಡು ನಮ್ಮಲ್ಲಿ ಬರತ್ತೆ ಅಂತ ನಾನು ಹೇಳ್ತಿಲ್ಲ. ಆದ್ರೆ ಹೊರಗಿನವರಿಂದ ಕೊಳ್ಳಬೇಕು ಅನ್ನೋದಕ್ಕೂ, ಹಕ್ಕು ಮಾಡಿದವರದ್ದು ಅನ್ನೋದಕ್ಕೂ ಕೋಟಿಗಟ್ಟಲೆ ಬೇಕಿಲ್ಲ, ಒಂದು ನಿಯಮ ಸಾಕು.

ಈಗ ನಮ್ಮ ಕಡೆ ಬರೋಣ. 1995ರಲ್ಲಿ ಸುಪ್ರೀಂ ಕೋರ್ಟ್, ಕ್ರಿಕೆಟ್ ಪ್ರಸಾರದ ಒಂದು ಕೇಸಲ್ಲಿ, ತರಂಗಾಂತರ ಸಾರ್ವಜನಿಕರ ಆಸ್ತಿ ಅಂತ ತೀರ್ಪು ಕೊಡ್ತು. ದೂರದರ್ಶನ, ಆಕಾಶವಾಣಿ ನಡೆಸೋ ಸಂಸ್ಥೆ ಪ್ರಸಾರ ಭಾರತಿ, ಅದರ 1990ರಲ್ಲೇ ಪಾಸಾಗಿದ್ದ ಕಾಯ್ದೆ ಜಾರಿಗೆ ಬಂದಿದ್ದು 1997ರಲ್ಲಿ. ಇಷ್ಟಾದ್ರೂ ಇವತ್ತಿಗೂ ದೂರದರ್ಶನ ಇಷ್ಟು ಪಾಲು ಹೊರಗಿನ ಪ್ರಾದೇಶಿಕ ನಿರ್ಮಾಪಕರಿಂದ ತಗೊಳ್ಳಲೇಬೇಕು ಅನ್ನೋ ಕಾನೂನು ಬರ್ಲಿಲ್ಲ, ಖಾಸಗಿ ಚಾನೆಲ್‌ಗಳ ಮೇಲಂತೂ ಆ ಮಾತೇ ಇಲ್ಲ. ಇದು ನಂಗೆ ನಿಜಕ್ಕೂ ಬೇಜಾರಿನ ವಿಷಯ, ಯಾಕಂದ್ರೆ ದೂರದರ್ಶನ ಬಾಗಿಲು ತೆರೆದಾಗೆಲ್ಲ ನಮ್ಮವರು ಏನು ಮಾಡಿ ತೋರ್ಸಿದ್ದಾರೆ ಅಂತ ಎಲ್ರಿಗೂ ಗೊತ್ತು. ಎಂಬತ್ತರ ದಶಕದಲ್ಲಿ ಹೊರಗಿನವರಿಗೆ ಅವಕಾಶ ಸಿಕ್ಕಾಗಲೇ ಅಲ್ವಾ ಟಿ.ಎಸ್. ನರಸಿಂಹನ್ ನಿರ್ಮಾಣ, ಶಂಕರ್ ನಾಗ್ ನಿರ್ದೇಶನದಲ್ಲಿ ಮಾಲ್ಗುಡಿ ಡೇಸ್ ಬಂದಿದ್ದು, ಆಗುಂಬೆಯಲ್ಲಿ ಶೂಟ್ ಆಗಿ ಇಡೀ ದೇಶ ಹಿಂದಿಯಲ್ಲಿ ನೋಡಿದ್ದು. ನಿಮ್ಮ ಭಾಗದ ಇತಿಹಾಸ ಇನ್ನೂ ಹಳೇದು. 1975-76ರ ಸೈಟ್ (SITE) ಅನ್ನೋ ಉಪಗ್ರಹ ಟಿವಿ ಪ್ರಯೋಗದಲ್ಲಿ ದೇಶದ ಆರು ರಾಜ್ಯದ 2,400 ಹಳ್ಳಿಗೆ ಟಿವಿ ಬಂದಾಗ ಕರ್ನಾಟಕದಿಂದ ಆರಿಸಿದ್ದು ಗುಲ್ಬರ್ಗ, ಬಿಜಾಪುರ, ರಾಯಚೂರು ಕಡೆಯ ಹಳ್ಳಿಗಳನ್ನ. ಬೆಂಗಳೂರಿಗೆ ದೂರದರ್ಶನ ಬಂದಿದ್ದು 1981ರಲ್ಲಿ, ಗುಲ್ಬರ್ಗಕ್ಕೆ 1977ರಲ್ಲೇ ಬಂದಿತ್ತು. ಹಾಗಾಗಿ ಟಿವಿ ಅಂದ್ರೆ ಬೆಂಗಳೂರು ಅನ್ನೋದು ಆಮೇಲೆ ಆಗಿದ್ದು, ಮೊದ್ಲಿಂದ ಹಾಗಿರ್ಲಿಲ್ಲ.

ಸರಿ, ನಿಮ್ಮ 13 ಎಪಿಸೋಡಿಗೆ ಇವತ್ತು ದಾರಿ ಏನಿದೆ. ಮೊದಲನೇದು ಚಂದನ. ದೂರದರ್ಶನ ಹೊರಗಿನವರಿಂದ ಕಾರ್ಯಕ್ರಮ ತಗೊಳ್ಳೋ ರೀತಿ ಹಲವು ಇದೆ, ಎಲ್ಲವನ್ನೂ ಜನ ಒಂದೇ ಅನ್ಕೊಂಡು ಮೋಸ ಹೋಗ್ತಾರೆ. ಕಮಿಷನಿಂಗ್ ಅಂದ್ರೆ ಅವರೇ ಪೂರ್ತಿ ಬಜೆಟ್ ಕೊಡ್ತಾರೆ, ಕಾರ್ಯಕ್ರಮ ಅವರದ್ದಾಗತ್ತೆ. ಸ್ವಂತ ಹೂಡಿಕೆ ರೀತಿಯಲ್ಲಿ ಖರ್ಚು ನಿಮ್ದು, ದುಡ್ಡು ಬರೋದು ಆಮೇಲೆ, ಐದಾರು ಜನರ ಯೂನಿಟ್‌ಗೆ ಇದು ಸಾಲದ ಬಾವಿ, ದಯವಿಟ್ಟು ಹತ್ರ ಹೋಗ್ಬೇಡಿ. ಸ್ಪಾನ್ಸರ್ಡ್ ಅಂದ್ರೆ ಸ್ಲಾಟ್‌ಗೆ ನೀವೇ ಫೀ ಕಟ್ಟಿ ಜಾಹೀರಾತು ನೀವೇ ತರ್ಬೇಕು, ಪಾರಿಜಾತಕ್ಕೆ ಜಾಹೀರಾತುದಾರರನ್ನ ಹುಡುಕೋದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಇನ್ನೊಂದು ಅಕ್ವಿಸಿಷನ್, ಅಂದ್ರೆ ನೀವು ಮಾಡಿಟ್ಟ ಕಾರ್ಯಕ್ರಮದ ಪ್ರಸಾರ ಹಕ್ಕನ್ನ ಇಷ್ಟು ಅವಧಿಗೆ, ಇಷ್ಟು ಸಲ ಪ್ರಸಾರಕ್ಕೆ ಅಂತ ಕೊಳ್ಳೋದು. ರೇಟ್ ಕಮ್ಮಿ ಇರತ್ತೆ, ಆದ್ರೆ ಮೂಲ ನಿಮ್ಮದಾಗೇ ಉಳಿಯೋ ಅವಕಾಶ ಇರೋದು ಇದರಲ್ಲಿ. ಜೊತೆಗೆ ಪ್ರಸಾರ ಭಾರತಿ 2024ರ ನವೆಂಬರ್ 20ಕ್ಕೆ ಗೋವಾ ಚಿತ್ರೋತ್ಸವದಲ್ಲಿ ವೇವ್ಸ್ ಅನ್ನೋ ತನ್ನ ಒಟಿಟಿ ಶುರು ಮಾಡಿದೆ. ನೀವಾಗಿದ್ರೆ ನಾನು ಹೇಳೋದು ಅಕ್ವಿಸಿಷನ್ ರೂಟಲ್ಲೇ ಹೋಗಿ ಅಂತ. ಹೋಗುವಾಗ ಪ್ರಪೋಸಲ್ ಫೈಲ್ ಒಂದನ್ನೇ ಹಿಡ್ಕೊಂಡು ಹೋಗ್ಬೇಡಿ, ಒಂದು ಎಪಿಸೋಡ್ ಸಬ್‌ಟೈಟಲ್ ಸಮೇತ ಪೂರ್ತಿ ಮುಗಿಸಿ ತೋರ್ಸಿ. ಮುಗಿದ ಒಂದು ಎಪಿಸೋಡ್ ನೋಡಿದವರು ಆಮೇಲೆ ರೇಟಿಂಗ್ ಮಾತು ಎತ್ತೋದು ಕಮ್ಮಿ.

ಈಗ ಕಾನೂನಿನ ವಿಷಯ, ಇದನ್ನ ನಿಧಾನವಾಗಿ ಓದಿ, ಇಡೀ ಉತ್ತರದಲ್ಲಿ ನಿಮಗೆ ದುಡ್ಡು ಉಳ್ಸೋ ಭಾಗ ಇದೇ. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲಿ ಟಿವಿ ಕಾರ್ಯಕ್ರಮಾನೂ ಸಿನಿಮಾ ಫಿಲ್ಮ್ ಅಂತಲೇ ಲೆಕ್ಕ. ಅದರ 17ನೇ ಸೆಕ್ಷನ್ ಏನ್ ಹೇಳತ್ತೆ ಅಂದ್ರೆ, ಒಬ್ರು ದುಡ್ಡು ಕೊಟ್ಟು ತಮಗೋಸ್ಕರ ಫಿಲ್ಮ್ ಮಾಡಿಸ್ಕೊಂಡ್ರೆ, ಬೇರೆ ಒಪ್ಪಂದ ಇಲ್ಲದಿದ್ರೆ ಮಾಡಿಸಿದವರೇ ಅದರ ಮೊದಲ ಮಾಲೀಕರು. ಬ್ರಿಟನ್‌ನಲ್ಲಿ ನಿಯಮ ಪ್ರೊಡ್ಯೂಸರ್ ಪರ ವಾಲತ್ತೆ ಅಂದ್ನಲ್ಲ, ಇಲ್ಲಿ ಅದಕ್ಕೆ ತದ್ವಿರುದ್ಧ, ಕಾಗದದ ಮೇಲೆ ಏನೂ ಬರೀದೇ ಇದ್ರೆ ನೀವು ಸೋತ ಹಾಗೆ. ಖಾಸಗಿ ಚಾನೆಲ್‌ಗಳ ಸೀರಿಯಲ್‌ಗಳು ನಡೆಯೋದೇ ಹೀಗೆ, ಎಪಿಸೋಡಿಗೆ ಇಷ್ಟು ಅಂತ ಕೊಡ್ತಾರೆ, ಕಥೆ, ಪಾತ್ರ, ಟೈಟಲ್ ಎಲ್ಲ ಚಾನೆಲ್‌ದು, ನಾಳೆ ಅದೇ ಕಥೆ ತೆಲುಗಲ್ಲೋ ಮರಾಠಿಯಲ್ಲೋ ರೀಮೇಕ್ ಆದ್ರೂ ಇಲ್ಲಿ ಅದನ್ನ ಕಟ್ಟಿದ ಪ್ರೊಡ್ಯೂಸರ್‌ಗೆ ಕೇಳೋ ಹಕ್ಕಿರಲ್ಲ. ಹಾಗಾಗಿ ಸರ್ಕಾರಿ ಇಲಾಖೆಗೆ ನೀವು ಮಾಡ್ಕೊಡೋ ಡಾಕ್ಯುಮೆಂಟರಿ ಇರ್ಲಿ, ಚಾನೆಲ್‌ದಿರ್ಲಿ, ಒಪ್ಪಂದದಲ್ಲಿ ಹಕ್ಕು ಯಾರದ್ದು ಅನ್ನೋ ಒಂದು ಸಾಲು ಇರಲೇಬೇಕು, ಕನಿಷ್ಠ ಪಕ್ಷ ಬಳಸದೇ ಉಳಿದ ಫುಟೇಜ್ ನಿಮ್ಮದು ಅಂತಾದ್ರೂ ಬರೆಸ್ಕೊಳ್ಳಿ. ಒಬ್ಬ 80 ವರ್ಷದ ಪಾರಿಜಾತದ ಕಲಾವಿದರ ಜೊತೆ ನೀವು ಮೂರು ಗಂಟೆ ಮಾತಾಡಿ, ಬಳಸಿದ್ದು ಎಂಟು ನಿಮಿಷ ಆದ್ರೆ, ಉಳಿದದ್ದು ಯಾರ ಹಾರ್ಡ್‌ಡಿಸ್ಕಲ್ಲಿ ಇರತ್ತೆ ಅನ್ನೋದು ಸಣ್ಣ ಪ್ರಶ್ನೆ ಅಲ್ಲ.

ಮಾಲೀಕತ್ವ ನಿಮ್ಮದಾಗಿದ್ದು ನೀವು ಹಕ್ಕು ಬರೆದುಕೊಡ್ತಿದ್ರೆ ಕಾಯ್ದೆ ನಿಮಗೆ ಒಂದಿಷ್ಟು ರಕ್ಷಣೆ ಕೊಡತ್ತೆ. 19ನೇ ಸೆಕ್ಷನ್ ಪ್ರಕಾರ ಅವಧಿ ಬರೆದಿಲ್ಲ ಅಂದ್ರೆ ಐದು ವರ್ಷ ಅಂತ ಲೆಕ್ಕ, ಪ್ರದೇಶ ಬರೆದಿಲ್ಲ ಅಂದ್ರೆ ಭಾರತ ಮಾತ್ರ, ತಗೊಂಡವರು ಒಂದು ವರ್ಷದೊಳಗೆ ಬಳಸದೇ ಹೋದ್ರೆ ಬೇರೆ ಮಾತಾಗಿಲ್ಲದ ಹೊರತು ಆ ಹಕ್ಕು ವಾಪಸ್ ನಿಮಗೇ ಬರತ್ತೆ. 2012ರ ತಿದ್ದುಪಡಿ ಇನ್ನೊಂದು ಸೇರಿಸ್ತು, ಒಪ್ಪಂದದ ಹೊತ್ತಿಗೆ ಬಳಕೆಯಲ್ಲೇ ಇಲ್ಲದ ಮಾಧ್ಯಮಕ್ಕೆ ಹಕ್ಕು ಹೋಗಲ್ಲ, ಅದನ್ನ ಹೆಸರಿಟ್ಟು ಬರೆದಿದ್ರೆ ಮಾತ್ರ ಹೋಗತ್ತೆ. ಹಳೇ ಕಾರ್ಯಕ್ರಮಗಳ ಒಟಿಟಿ ಹಕ್ಕಿನ ಜಗಳದಲ್ಲಿ ಇದು ಬಹಳ ಮುಖ್ಯ. ಈ ರಕ್ಷಣೆಗಳನ್ನೆಲ್ಲ ಅಳಿಸೋಕೇ ಒಪ್ಪಂದದಲ್ಲಿ "ಎಲ್ಲ ಮಾಧ್ಯಮಗಳಲ್ಲಿ, ವಿಶ್ವದಾದ್ಯಂತ, ಶಾಶ್ವತವಾಗಿ" ಅನ್ನೋ ಧಾಟಿಯ ಸಾಲು ಹಾಕಿರ್ತಾರೆ, ಅದನ್ನ ಹೊಡೆದು ಹಾಕಿ ವರ್ಷ, ಪ್ರದೇಶ, ಮಾಧ್ಯಮ ಮೂರನ್ನೂ ಬಿಡಿಬಿಡಿಯಾಗಿ ಬರೀರಿ ಅಂತ ಕೇಳಿ. ಒಪ್ಪದೇ ಇರ್ಬಹುದು, ಕೇಳೋದ್ರಲ್ಲಿ ತಪ್ಪಿಲ್ಲ, ಎಷ್ಟೋ ಸಲ ಒಂದಾದ್ರೂ ಬಿಟ್ಟುಕೊಡ್ತಾರೆ.

ಖಾಸಗಿ ಚಾನೆಲ್‌ಗಳ ಕಡೆಯಿಂದ ಒಂದು ಸಣ್ಣ ಕಿಂಡಿ ಇದೆ, ಯಾರೂ ಅದನ್ನ ಬಳಸ್ತಿಲ್ಲ. ಚಾನೆಲ್‌ಗಳ ಉಪಗ್ರಹ ಪ್ರಸಾರಕ್ಕೆ ಅನುಮತಿ ಕೊಡೋ ಕೇಂದ್ರ ಸರ್ಕಾರದ, 2022ರ ನವೆಂಬರ್‌ನಲ್ಲಿ ಬಂದ ಅಪ್‌ಲಿಂಕಿಂಗ್ ಡೌನ್‌ಲಿಂಕಿಂಗ್ ಮಾರ್ಗಸೂಚಿ ಪ್ರಕಾರ ಖಾಸಗಿ ಚಾನೆಲ್‌ಗಳು ದಿನಕ್ಕೆ 30 ನಿಮಿಷ ಸಾರ್ವಜನಿಕ ಹಿತದ ಕಾರ್ಯಕ್ರಮ ಹಾಕ್ಬೇಕು, ಕೃಷಿ, ಶಿಕ್ಷಣ, ಆರೋಗ್ಯದ ಜೊತೆ ಸಾಂಸ್ಕೃತಿಕ ಪರಂಪರೆಯ ರಕ್ಷಣೆನೂ ಆ ಪಟ್ಟಿಯಲ್ಲಿದೆ. ಕ್ರೀಡಾ ಚಾನೆಲ್ ತರದ ಕೆಲವಕ್ಕೆ ವಿನಾಯಿತಿ ಇದೆ. ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯ ಆಮೇಲೆ, ಇದು ತಿಂಗಳಿಗೆ ಒಟ್ಟು 15 ಗಂಟೆ ಆದ್ರೆ ಸಾಕು, ಮಧ್ಯರಾತ್ರಿಯಿಂದ ಬೆಳಗ್ಗೆ 6ರವರೆಗೆ ಹಾಕಿದ್ದು ಲೆಕ್ಕಕ್ಕಿಲ್ಲ ಅಂತ ಸ್ಪಷ್ಟ ಮಾಡ್ತು. ದೊಡ್ಡಾಟದ ಸೀರೀಸ್ ಈ ಲೆಕ್ಕಕ್ಕೆ ಸರಿಯಾಗಿ ಕೂರತ್ತೆ. ಇದರ ಕೊರತೆ ಏನಂದ್ರೆ ಆ 30 ನಿಮಿಷವನ್ನ ಯಾರು ಮಾಡ್ಬೇಕು ಅಂತ ಎಲ್ಲೂ ಹೇಳಿಲ್ಲ, ಚಾನೆಲ್ ತನ್ನ ಬೆಳಗಿನ ಆರೋಗ್ಯ ಟಿಪ್ಸ್ ಕಾರ್ಯಕ್ರಮ ತೋರ್ಸಿ ಲೆಕ್ಕ ಸರಿ ಮಾಡ್ಬಹುದು. ಅದರಲ್ಲಿ ಅರ್ಧದಷ್ಟಾದ್ರೂ ಆ ಭಾಷೆಯ ಹೊರಗಿನ ಪ್ರೊಡ್ಯೂಸರ್‌ಗಳಿಂದ ಲೈಸೆನ್ಸ್ ಮೇಲೆ ತಗೋಬೇಕು ಅಂತ ಒಂದು ಸಾಲು ಸೇರಿಸಿದ್ರೆ ಸರ್ಕಾರದ ಬೊಕ್ಕಸಕ್ಕೆ ಹೊರೆನೇ ಇಲ್ದೆ ನಿಮ್ಮಂಥ ನೂರಾರು ಯೂನಿಟ್‌ಗೆ ಕೆಲಸ ಸಿಗತ್ತೆ. ಅದು ಬರೋವರೆಗೂ ನೀವು ಚಾನೆಲ್‌ಗೆ ಹೋದಾಗ ಪ್ರೋಗ್ರಾಮಿಂಗ್ ಹೆಡ್ ಜೊತೆ ರೇಟಿಂಗ್ ಬಗ್ಗೆ ವಾದ ಮಾಡೋ ಬದ್ಲು, ಈ 30 ನಿಮಿಷದ ಲೆಕ್ಕ ನೋಡ್ಕೊಳ್ಳೋರು ಯಾರು ಅಂತ ಕೇಳಿ ಅವರನ್ನ ಭೇಟಿ ಮಾಡಿ.

ರಾಜ್ಯ ಸರ್ಕಾರದ ಕಡೆ ಬಂದ್ರೆ, 2025ರ ಮಾರ್ಚ್ ಬಜೆಟ್‌ನಲ್ಲಿ ಸಿನಿಮಾಗೆ ಉದ್ಯಮದ ಸ್ಥಾನಮಾನ, ಕನ್ನಡ ಚಿತ್ರಗಳಿಗೆ ಸರ್ಕಾರದ್ದೇ ಒಟಿಟಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಘೋಷಿಸಿದ್ರು. ಕಿರುತೆರೆ, ಡಾಕ್ಯುಮೆಂಟರಿ ಅದರಲ್ಲಿ ಸೇರ್ಬೇಕು ಅಂತ ನಾವೆಲ್ಲ ಒತ್ತಾಯ ಮಾಡ್ಬೇಕಾಗಿರೋದು ಈಗಲೇ. ಕೇರಳ 2024ರ ಮಾರ್ಚ್‌ನಲ್ಲಿ ಸಿಸ್ಪೇಸ್ ಅನ್ನೋ ಸರ್ಕಾರಿ ಒಟಿಟಿ ಶುರು ಮಾಡಿದಾಗ ನೋಡಿದಷ್ಟಕ್ಕೆ ದುಡ್ಡು ಕೊಡೋ ಪದ್ಧತಿ ಇಟ್ಟು, ಒಂದು ಸಿನಿಮಾಗೆ 75 ರೂಪಾಯಿ ಅಂತ ಮಾಡಿ, ಅದರಲ್ಲಿ ಅರ್ಧ ನಿರ್ಮಾಪಕರಿಗೆ ಅಂತ ಮೊದ್ಲೇ ಹೇಳ್ತು. ಈ ಸ್ಪಷ್ಟತೆ ನಮಗೂ ಬೇಕು. 2024ರಲ್ಲಿ ನಮ್ಮ ವಿಧಾನಮಂಡಲ ಪಾಸು ಮಾಡಿದ ಸಿನಿ ಮತ್ತು ಸಾಂಸ್ಕೃತಿಕ ಕಾರ್ಯಕರ್ತರ ಕ್ಷೇಮಾಭಿವೃದ್ಧಿ ಕಾನೂನು, ಟಿಕೆಟ್ ಮತ್ತೆ ಚಂದಾದ ಮೇಲೆ 1ರಿಂದ 2% ಸೆಸ್ ಹಾಕೋದು, ಕಲಾವಿದರು ಮತ್ತೆ ತಂತ್ರಜ್ಞರ ಕ್ಷೇಮನಿಧಿಗೆ. ಒಳ್ಳೇದೇ, ಆದ್ರೆ ಅದು ಕೆಲಸ ಮಾಡೋರ ಭದ್ರತೆಗೆ, ಪ್ರೊಡಕ್ಷನ್‌ಗೆ ಅಲ್ಲ. ಇಲಾಖೆ ಡಾಕ್ಯುಮೆಂಟರಿ ಟೆಂಡರ್‌ಗಳ ಬಗ್ಗೆ ನಿಮಗೇ ಅನುಭವ ಇದೆ, ಅದರ ಬಗ್ಗೆ ಹೆಚ್ಚು ಬರಿಯಲ್ಲ.

ಪೇಮೆಂಟ್ ಬಗ್ಗೆ ಮಾತ್ರ ಒಂದು ಹೇಳ್ಬೇಕು, ಸಣ್ಣ ಯೂನಿಟ್‌ಗಳು ಮುಚ್ಚೋದು ಕೆಲಸ ಇಲ್ದೇ ಅಲ್ಲ, ಮಾಡಿದ ಕೆಲಸದ ದುಡ್ಡು ಬರ್ದೇ. ಬಿಲ್ ಹಾಕಿದ ತಕ್ಷಣ 18% ಜಿಎಸ್‌ಟಿ ನಿಮ್ಮ ತಲೆ ಮೇಲೆ ಬರತ್ತೆ, ದುಡ್ಡು ಯಾವಾಗ ಬರತ್ತೋ ದೇವರೇ ಬಲ್ಲ. ಆದ್ರೆ ಸಣ್ಣ ಉದ್ಯಮಗಳಿಗೆ ಅಂತಿರೋ 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ನೀವು ಕೇಂದ್ರದ ಉದ್ಯಮ್ ಪೋರ್ಟಲ್‌ನಲ್ಲಿ ನೋಂದಣಿ ಆಗಿರೋ ಮೈಕ್ರೋ ಅಥವಾ ಸಣ್ಣ ಉದ್ಯಮ ಆಗಿದ್ರೆ, ನೀವು ಮುಗಿಸಿಕೊಟ್ಟ ಕೆಲಸವನ್ನ ಅವರು ಒಪ್ಪಿಕೊಂಡ ದಿನದಿಂದ ಹೆಚ್ಚಂದ್ರೆ 45 ದಿನದೊಳಗೆ ಪೇಮೆಂಟ್ ಆಗ್ಬೇಕು, ಲಿಖಿತ ಒಪ್ಪಂದ ಇಲ್ಲ ಅಂದ್ರೆ 15 ದಿನ. ತಡ ಆದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಚಕ್ರಬಡ್ಡಿ. ಸರ್ಕಾರಿ ಸಂಸ್ಥೆಗೂ ಇದು ಅನ್ವಯ, ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಿದ್ರೆ ಇಂಥ ಬಾಕಿ ಜಗಳ ನೋಡೋ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್ ಮುಂದೆ ಹೋಗತ್ತೆ. ವಾರ್ಷಿಕ ವಹಿವಾಟು 10 ಕೋಟಿ, ಹೂಡಿಕೆ 2.5 ಕೋಟಿ ಒಳಗಿದ್ರೆ ನೀವು ಮೈಕ್ರೋ, ಅಂದ್ರೆ ನೀವು ಖಂಡಿತ ಬರ್ತೀರಿ. ನೋಂದಣಿ ಫ್ರೀ, ಆನ್‌ಲೈನ್, ಆದ್ರೆ ಒಪ್ಪಂದಕ್ಕೆ ಸೈನ್ ಹಾಕೋಕೆ ಮುಂಚೆನೇ ಮಾಡಿಸಿರ್ಬೇಕು, ಆಮೇಲೆ ಮಾಡಿಸಿದ್ದು ಹಳೇ ಬಾಕಿಗೆ ಉಪಯೋಗಕ್ಕೆ ಬರಲ್ಲ ಅನ್ನೋದನ್ನ ಸುಪ್ರೀಂ ಕೋರ್ಟೇ 2022ರಲ್ಲಿ ಹೇಳಿದೆ. ದುಡ್ಡಿಗೆ ಇನ್ನೊಂದು ದಾರಿನೂ ಇದೆ. ಬೆಂಗಳೂರಲ್ಲೇ ಇರೋ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ಸರ್ಕಾರಿ ಸಂಸ್ಥೆ ಅಲ್ಲ, ಆದ್ರೂ ಇಂಥ ಜಾನಪದ ಕಲೆಯ ಸಂಶೋಧನೆಗೆ ಗ್ರಾಂಟ್ ಕೊಡತ್ತೆ. ಮೊದಲ ಎಪಿಸೋಡಿನ ಹಿಂದಿನ ಅಧ್ಯಯನಕ್ಕೆ ಅಲ್ಲಿ ಪ್ರಯತ್ನ ಪಡಿ.

ಕೊನೇದಾಗಿ ನಿಮ್ಮ ಕಲಾವಿದರು. ಹಕ್ಕಿನ ಮಾತು ಇಷ್ಟು ಆಡಿದ್ಮೇಲೆ ಅವರ ಹಕ್ಕನ್ನ ಬಿಡೋಕಾಗಲ್ಲ. ಹಾಡೋರಿಗೆ, ಕುಣಿಯೋರಿಗೆ ಕಾಪಿರೈಟ್ ಕಾಯ್ದೆಯಲ್ಲೇ ಪ್ರದರ್ಶಕರ ಹಕ್ಕು ಅಂತ ಪ್ರತ್ಯೇಕವಾಗಿದೆ. ಶೂಟಿಂಗ್ ದಿನವೇ ಕನ್ನಡದಲ್ಲಿ ಒಂದು ಪುಟದ ಒಪ್ಪಿಗೆ ಪತ್ರ ಬರೆದು, ಅವರಿಗೆ ಓದಿ ಹೇಳಿ, ಎಷ್ಟು ಕೊಡ್ತೀರಿ, ಎಲ್ಲೆಲ್ಲಿ ಬಳಸ್ತೀರಿ, ಮುಂದೆ ಒಟಿಟಿಗೆ ಮಾರಿದ್ರೆ ಅವರ ಪಾಲೇನು ಅಂತ ಹಾಕಿ ಸಹಿ ತಗೊಂಡು ಒಂದು ಪ್ರತಿ ಅವರ ಕೈಗೂ ಕೊಡಿ. ಈ ಪತ್ರಗಳಿಲ್ಲದಿದ್ರೆ ನಾಳೆ ಚಂದನ ಇರ್ಲಿ ವೇವ್ಸ್ ಇರ್ಲಿ ಕ್ಲಿಯರೆನ್ಸ್, ಅಂದ್ರೆ ಒಪ್ಪಿಗೆಯ ದಾಖಲೆ ಕೇಳಿದಾಗ ನಿಮ್ಮ ಹತ್ರ ತೋರ್ಸೋಕೆ ಏನೂ ಇರಲ್ಲ, ಅಷ್ಟು ಹೊತ್ತಿಗೆ ಆ ಹಿರಿಯರು ಸಿಗ್ತಾರೆ ಅನ್ನೋ ಗ್ಯಾರಂಟಿನೂ ಇರಲ್ಲ. ಚಾನೆಲ್ ಒಪ್ಪಂದದ ಡ್ರಾಫ್ಟ್ ಬಂದಾಗ ಹೆಸರು, ಮೊತ್ತ ಮುಚ್ಚಿ ಹಕ್ಕಿನ ಭಾಗ ಮಾತ್ರ ಕಳ್ಸಿ, ನೋಡಿ ಹೇಳ್ತೀನಿ.